ಆ ಕಡೆಯವರು ‘ಬಂತು’ ಅನ್ನುವ ತನಕ

ನಮ್ಮ ಭಾವನವರಷ್ಟು ಅಪನಂಬಿಕೆಯ ಮನುಷ್ಯ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಪ್ರಮಾಣ ಮಾಡಿದರೂ ಅವರು ನಂಬುವುದಿಲ್ಲ, ಆ ಮಾತು ಬೇರೆ!

ತಪ್ಪು ತಿಳಿಯಬಾರದು. ಅವರು ಜನರನ್ನು ಅನುಮಾನಿಸುವವರಲ್ಲ. ಅಂಗಡಿಯ ಬೀಗದ ಕೈಯನ್ನು ದಾರಿಯಲ್ಲಿ ಹೋಗುವವರ ಕೈಗೆ ಕೊಟ್ಟು ಕಾಫಿಗೆ ಹೋಗುವ ಧಾರಾಳಿ. ಅವರ ಅನುಮಾನವೆಲ್ಲ ಒಂದೇ ವಿಷಯದ ಮೇಲೆ: ಈ ಕಡೆಯಿಂದ ಹೊರಟದ್ದು ಆ ಕಡೆಗೆ ಮುಟ್ಟಿತೋ ಇಲ್ಲವೋ. ಹೊಳೆನರಸೀಪುರದ ನರಸಿಂಹಸ್ವಾಮಿ ಗುಡಿಯಲ್ಲಿ ಗಂಟೆ ಹೊಡೆದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರೆ, ಇವರು ಕಣ್ಣು ಬಿಟ್ಟುಕೊಂಡು ಅರ್ಚಕರ ಮುಖ ನೋಡುತ್ತಾರೆ.

“ಬಂತಾ ಸ್ವಾಮಿ?”

“ಏನು ಬರಬೇಕಿತ್ತು?”

“ಸಬ್ದ. ಒಳೀಕೆ ಬಂತಾ ಅಂತ.”

“ನನಗಂತೂ ಬಂತು. ಆತನಿಗೆ ಬಂತೋ ಇಲ್ಲವೋ ನೀವೇ ಕೇಳಿಕೊಳ್ಳಿ” ಎಂದು ಅರ್ಚಕರು ಮಂಗಳಾರತಿ ತಟ್ಟೆಯನ್ನು ಮುಂದಿನವರಿಗೆ ಹಿಡಿದರು. ಭಾವನವರು ಬೇಸರಪಟ್ಟುಕೊಳ್ಳಲಿಲ್ಲ. ಕಂಬಕ್ಕೆ ಒರಗಿ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದರು!

ಈ ಮಹನೀಯರು ನನಗೆ ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಗಂಡ. ಒಂದೇ ಮಾವನ ಮನೆಯಲ್ಲಿ ಇಬ್ಬರೂ ಕಾಲು ತೊಳೆಸಿಕೊಂಡವರು. ಅವರು ಮೊದಲು, ನಾನು ಆಮೇಲೆ. ಈ ಹಿರಿತನದ ಬಲದಿಂದ ಅವರು ನನ್ನನ್ನು ಒಂದು ಹುದ್ದೆಗೆ ನೇಮಿಸಿಕೊಂಡರು. ಸಂಬಳವಿಲ್ಲ, ರಜೆಯಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಕೆಲಸದಿಂದ ಸರ್ಕಾರವೇ ನನಗೆ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿಯಾಯಿತು. ಭಾವನವರ ಕೆಲಸದಿಂದ ಮಾತ್ರ ಇನ್ನೂ ಬಿಡುಗಡೆಯಾಗಿಲ್ಲ. ಆ ಹುದ್ದೆಯ ಹೆಸರು ‘ಆ ಕಡೆಯವನು’.

ನಾನು ಹೊಸ ಅಳಿಯನಾಗಿದ್ದಾಗ ಭಾವನವರಿಗೆ ಹೊಳೆನರಸೀಪುರದಲ್ಲಿ ಮೈಕ್‌ಸೆಟ್ ಅಂಗಡಿ. ನಾಟಕವೋ ಹರಿಕಥೆಯೋ ಚುನಾವಣೆಯೋ, ಮರಕ್ಕೆ ಹಾರನ್ ಸ್ಪೀಕರು ಕಟ್ಟುವವರು ಇವರೇ. ಬೇರೆ ಮೈಕ್‌ಸೆಟ್ಟಿನವರು ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ತಾವೇ ಹೇಳಿ, ತಾವೇ ಕೇಳಿ, ತಾವೇ ತಲೆದೂಗಿ ಮುಗಿಸುತ್ತಿದ್ದರು. ಭಾವನವರಿಗೆ ಇದು ಶುದ್ಧ ಮೋಸವೆನಿಸುತ್ತಿತ್ತು.

“ಬಾಯೂ ನಂದೇ ಕಿವೀನೂ ನಂದೇ ಆದ್ರೆ ಟೆಸ್ಟ್ ಎಂಗಯ್ಯಾ ಆಯ್ತದೆ? ಆ ಕಡೆ ಒಬ್ಬ ಇರ್ಬೇಕು.”

ಹಾಗಾಗಿ ನಾನು ಸೈಕಲ್ ತುಳಿದುಕೊಂಡು ಊರಾಚೆ ಹೇಮಾವತಿಯ ದಡಕ್ಕೆ ಹೋಗಿ ನಿಲ್ಲಬೇಕು. ಶಬ್ದ ಬಂದರೆ ಟವಲ್ ಎತ್ತಿ ತೋರಿಸಬೇಕು. ಅದನ್ನು ಅವರು ಅಂಗಡಿಯ ಮಾಡಿನ ಮೇಲೆ ನಿಂತು ನೋಡುತ್ತಾರೆ. ಒಂದು ಸಂಜೆ ನಾನು ಹೊಳೆ ನೋಡುತ್ತ ಮೈಮರೆತಿದ್ದೆ. ಇಡೀ ಊರಿಗೆ ಕೇಳುವಂತೆ ಆಕಾಶವಾಣಿಯಾಯಿತು.

“ಮೇಷ್ಟ್ರೇ, ಬಂತಾ? ಬಂದಿದ್ರೆ ಟವಲ್ ಎತ್ತು. ಎತ್ತಯ್ಯಾ! ಥೂ, ಪಂಚೆ ಯಾಕೆ ಎತ್ತೀಯ, ಟವಲ್ ಎತ್ತು!”

ನಾನು ಪಂಚೆ ಎತ್ತಿದ್ದು ನೀರಿಗೆ ಕಾಲಿಡಲಿಕ್ಕೆ. ಆದರೆ ಇದನ್ನು ಊರಿಗೆ ತಿಳಿಸಲು ನನ್ನ ಬಳಿ ಮೈಕ್ ಇರಲಿಲ್ಲವಲ್ಲ! ಮರುದಿನ ತರಗತಿಯಲ್ಲಿ ಹಾಜರಿ ಕೂಗಿದರೆ ಹಿಂದಿನ ಬೆಂಚಿನವರು ‘ಹಾಜರ್ ಸಾ’ ಎನ್ನಲಿಲ್ಲ. ಒಬ್ಬೊಬ್ಬರಾಗಿ ಗಂಭೀರವಾಗಿ ಕರವಸ್ತ್ರ ಎತ್ತಿ ತೋರಿಸಿದರು.

ಕಾಲ ಸರಿಯಿತು, ಹಾರನ್ನುಗಳಿಗೆ ತುಕ್ಕು ಹಿಡಿಯಿತು. ಬೇರೆಯವರಾಗಿದ್ದರೆ ಅಂಗಡಿ ಮುಚ್ಚಿ ಹಳೆಯ ಕಾಲವನ್ನು ಹೊಗಳುತ್ತ ಕೂರುತ್ತಿದ್ದರು. ಭಾವನವರು ಹಾಸನಕ್ಕೆ ಹೋಗಿ, ಮಗಳ ವಯಸ್ಸಿನವರ ಪಕ್ಕ ಕುಳಿತು, ಕಂಪ್ಯೂಟರ್ ಜಾಲದ ವಿದ್ಯೆ ಕಲಿತುಬಂದರು. ಈಗ ಅವರ ಕಸುಬು ಶಾಲೆ, ಕಾಲೇಜು, ಛತ್ರಗಳಿಗೆ ನೆಟ್‌ವರ್ಕಿನ ಮೇಲೆ ನಡೆಯುವ ಸ್ಪೀಕರ್ ಕೂರಿಸುವುದು. ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲಿ ಕೆಮ್ಮಿದರೆ ಎಲ್ಲ ತರಗತಿಗಳೂ ಬೆಚ್ಚಬೇಕು, ಅಂಥ ಏರ್ಪಾಡು.

ಸ್ಪೀಕರಿಗೆ ಮೊಳೆ ಹೊಡೆಯುವ ಮೊದಲು ಜಾಲದ ಪರೀಕ್ಷೆಯಾಗಬೇಕಷ್ಟೆ. ಅದಕ್ಕೆ ಅವರ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಪರದೆಯಿದೆ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಗೆ ಅಲ್ಲಿ ಪ್ರವೇಶವೂ ಇಲ್ಲ. ಒಂದು ಸಾಲಿನ ಅಪ್ಪಣೆ ಟೈಪು ಮಾಡಿ ಎಂಟರ್ ಒತ್ತಬೇಕು. ಒಂದು ಕಂಪ್ಯೂಟರಿಗೆ ‘ಕಳಿಸು’ ಎಂದು ಅಪ್ಪಣೆ, ಇನ್ನೊಂದಕ್ಕೆ ‘ಕೇಳುತ್ತಾ ಕೂತಿರು’ ಎಂದು ಅಪ್ಪಣೆ. ಕಳಿಸುವುದರ ಮುಂದೆ ಭಾವನವರು. ಕೇಳುವುದರ ಮುಂದೆ ಯಾರು ಎಂದು ಬೇರೆ ಹೇಳಬೇಕೆ? ಸೈಕಲ್ಲು ಹೋಗಿ ಬಸ್ಸು ಬಂತು, ಟವಲ್ಲು ಹೋಗಿ ಮೊಬೈಲು ಬಂತು. ನಾನು ಅಲ್ಲೇ ಉಳಿದೆ.

ಒಂದು ದಿನ ನನ್ನ ಮೇಲೆ ಕರುಣೆ ಬಂದು ಶಾಸ್ತ್ರವನ್ನು ಬಿಡಿಸಿ ಹೇಳಿದರು.

“ನೋಡಯ್ಯ ಮೇಷ್ಟ್ರೇ, ಬ್ರಾಡ್‌ಕಾಸ್ಟ್ ಅಂದ್ರೆ ತಮಟೆ ಒಡ್ಯೋದು. ಬೇಕಾದೋರು ಬ್ಯಾಡದೋರು ಎಲ್ರೂ ಕೇಳ್ಲೇಬೇಕು. ಆದ್ರೆ ಊರ ಗಡಿ ದಾಟಂಗಿಲ್ಲ, ಅಲ್ಲೇ ನಿಂತೋಯ್ತದೆ. ಮಲ್ಟಿಕಾಸ್ಟ್ ಅಂದ್ರೆ ಭಜನೆ ಮನೆ ಇದ್ದಂಗೆ. ಸೇರ್ಕಂಡೋರಿಗೆ ಮಾತ್ರ. ಯಾರ್ಯಾರು ಸೇರ್ಕಂಡವ್ರೆ ಅಂತ ಆಡೋನಿಗೆ ಗೊತ್ತಾಗಲ್ಲ.”

“ಮತ್ತೆ ಗೊತ್ತಾಗೋದು ಹೇಗೆ ಭಾವ?”

“ಅದ್ಕೇ ಅಲ್ವೇನಯ್ಯಾ ನೀನಿರೋದು! ಕಳ್ಸಿದ್ದು ಗೊತ್ತಾಯ್ತದೆ, ಮುಟ್ಟಿದ್ದು ಗೊತ್ತಾಗಲ್ಲ. ಆ ಕಡೆಯೋರು ‘ಬಂತು’ ಅನ್ನೋಗಂಟ ಕಳ್ಸಿದ್ದು ಕಳ್ಸಿದಂಗಲ್ಲ.”

ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಹೇಳಿದವರೇ ಒಂದು ಸಲ ಮರೆತರು. ಅವರು ಮರೆಯದೆ ಇದ್ದಿದ್ದರೆ ಈ ಪ್ರಬಂಧವನ್ನು ನಾನು ನಗುನಗುತ್ತಲೇ ಮುಗಿಸಬಹುದಿತ್ತು.

ಪರೀಕ್ಷೆಗೆ ಕಳಿಸುವ ಸಂದೇಶವೂ ಅವರದೇ ವಿಶೇಷ. ಲೋಕವೆಲ್ಲ ‘ಟೆಸ್ಟ್’ ಎಂದು ಕಳಿಸಿದರೆ ಇವರು ಇಂಗ್ಲಿಷ್ ಅಕ್ಷರಗಳಲ್ಲಿ ‘ಊಟ ಆಯ್ತಾ’ ಎಂದು ಕಳಿಸುತ್ತಿದ್ದರು. ಹಾಸನದ ಒಂದು ಕಾಲೇಜಿನಲ್ಲಿ ಪ್ರಯೋಗಶಾಲೆಯ ಕಂಪ್ಯೂಟರುಗಳನ್ನೆಲ್ಲ ‘ಕೇಳುತ್ತಾ ಕೂತಿರು’ ಎಂದು ಕೂರಿಸಿ, ಮಧ್ಯಾಹ್ನ ಚಹಾ ಕುಡಿಯಲು ಹೋದೆವು. ಆ ಹೊತ್ತಿಗೆ ಮೇಲಿನಿಂದ ತಪಾಸಣೆಯ ತಂಡ ಬಂದು ಪ್ರಯೋಗಶಾಲೆಗೆ ನುಗ್ಗಿತು. ಇದನ್ನರಿಯದ ಭಾವನವರು ಚಹಾ ಮುಗಿಸಿ ಕೆಳಗಿನ ಕೋಣೆಯಿಂದ ಎಂಟರ್ ಒತ್ತಿದರು. ಸಾಲಾಗಿ ಅಷ್ಟೂ ಪರದೆಗಳ ಮೇಲೆ ‘ಊಟ ಆಯ್ತಾ’, ‘ಊಟ ಆಯ್ತಾ’, ‘ಊಟ ಆಯ್ತಾ’! ಮುಖ್ಯ ತಪಾಸಕರು ಕನ್ನಡಕ ಸರಿಮಾಡಿಕೊಂಡು ಓದಿದರು. ಕೈಗಡಿಯಾರ ನೋಡಿಕೊಂಡರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, ಬಹಳ ದಿನಗಳಿಂದ ಯಾರೂ ತಮ್ಮನ್ನು ಈ ಪ್ರಶ್ನೆ ಕೇಳಿಯೇ ಇರಲಿಲ್ಲವೇನೋ ಎಂಬ ದನಿಯಲ್ಲಿ “ಇನ್ನೂ ಇಲ್ಲ” ಎಂದರು. ತಪಾಸಣೆ ಅಲ್ಲಿಗೆ ನಿಂತಿತು, ಊಟ ಶುರುವಾಯಿತು. ವರದಿ ಬಲು ಚೆನ್ನಾಗಿ ಬಂತಂತೆ.

“ಟೆಸ್ಟ್ ಅಂತ ಕಳಿಸಿದರೆ ಏನು ನಷ್ಟ ಭಾವ?” ಎಂದು ಬಸ್ಸಿನಲ್ಲಿ ಕೇಳಿದೆ.

“ಟೆಸ್ಟ್ ಅಂದ್ರೆ ಯಾವನಯ್ಯಾ ಉತ್ರ ಕೊಡ್ತಾನೆ? ಊಟ ಆಯ್ತಾ ಅಂದು ನೋಡು, ಎಂಥ ಬಿಗುಮಾನದೋನೂ ಬಾಯಿ ಬಿಡ್ತಾನೆ. ನಮ್ಮಕ್ಕ ಫೋನ್ ಮಾಡಿದ್ರೆ ಅಲೋ ಅನ್ನಕಿಲ್ಲ. ‘ಊಟ ಆಯ್ತೇನ್ಲಾ’ ಅಂತ್ಲೇ ಸುರು.”

ಈ ಅಕ್ಕನನ್ನು ಪರಿಚಯಿಸಬೇಕು. ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಗೆ ಕೊಟ್ಟ ಹೆಣ್ಣುಮಗಳು. ನೆಂಟರಿಷ್ಟರಿಗೆಲ್ಲ ‘ದಂಡಿಗನಹಳ್ಳಿ ಅಕ್ಕ’. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಭಾವನವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಸಂಜೆ ದೀಪ ಹಚ್ಚಿದ ಮೇಲೆ ಅವರ ಫೋನು ಬರಬೇಕು, ಇವರು ‘ಆಯ್ತು ಕಣಕ್ಕ’ ಅನ್ನಬೇಕು. ಆಗಿರದಿದ್ದರೂ ಆಯ್ತು ಅನ್ನಬೇಕು. ಇಲ್ಲ ಎಂದರೆ ಆ ಕಡೆಯಿಂದ ಅತ್ತಿಗೆಗೆ ಬೈಗುಳ ಶುರುವಾಗುತ್ತಿತ್ತು. ಮೊಮ್ಮಕ್ಕಳ ಫೋಟೋ ನೋಡಲೆಂದು ಅಕ್ಕನ ಕೈಗೆ ದೊಡ್ಡ ಫೋನು ಬಂದ ಮೇಲೂ ಈ ಸಂಭಾಷಣೆ ಒಂದಕ್ಷರ ಬದಲಾಗಲಿಲ್ಲ.

ಅತ್ತಿಗೆ, ಅಂದರೆ ಭಾವನವರ ಧರ್ಮಪತ್ನಿ, ಸಾಮಾನ್ಯರಲ್ಲ. ಗಂಡನ ಶಾಸ್ತ್ರವನ್ನು ಅವರು ಒಲೆಯ ಮುಂದೆಯೇ ಕರಗತ ಮಾಡಿಕೊಂಡಿದ್ದರು. ಭಾವನವರು ಹಜಾರದಿಂದ “ಒಂದ್ ಕಾಫಿ ಸಿಕ್ತದಾ?” ಎಂದು ಗಾಳಿಗೆ ಕೂಗಿದರೆ ಒಳಗಿನಿಂದ ಉತ್ತರ ಬರುತ್ತಿತ್ತು: “ನಾನು ಆ ಗುಂಪಿಗೆ ಸೇರಿಲ್ಲ ಕಣ್ರೀ! ಹೆಸರು ಹಿಡಿದು ಕರೆದರೆ ನೋಡೋಣ.”

ಅರಕಲಗೂಡಿನ ಛತ್ರದ ಪ್ರಸಂಗವನ್ನು ಹೇಳದೆ ಬಿಟ್ಟರೆ ಅಲ್ಲಿನ ಅಡಿಗೆಭಟ್ಟರು ನನ್ನನ್ನು ಕ್ಷಮಿಸಲಾರರು. ಜಾಲದಲ್ಲಿ ಹೊರಡುವ ಪ್ರತಿ ಸಂದೇಶಕ್ಕೂ ಒಂದು ಆಯಸ್ಸು ಉಂಟಂತೆ. ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವ ಪ್ರತಿ ಹೊಸ್ತಿಲಲ್ಲೂ ಒಂದೊಂದು ಕಳೆಯುತ್ತದೆ. ಕಳೆದು ಸೊನ್ನೆಯಾದರೆ ಅಲ್ಲೇ ಕಥೆ ಮುಗಿಯಿತು. ಗುಂಪಿಗೆ ಕಳಿಸುವ ಮಾತಿಗೆ, ನಾವಾಗಿ ಹೆಚ್ಚಿಸದಿದ್ದರೆ, ಆಯಸ್ಸು ಒಂದೇ. ಭಾವನವರು ಹೆಚ್ಚಿಸಲು ಮರೆತಿದ್ದರು. ಅಲ್ಲಿ ಯಾರದೋ ಮದುವೆಯ ದಿನವೇ ಪರೀಕ್ಷೆ. ಆಫೀಸಿನಿಂದ ‘ಎಲ್ಲರೂ ಊಟಕ್ಕೆ ದಯಮಾಡಿಸಬೇಕು’ ಎಂದು ಕಳಿಸುತ್ತಿದ್ದಾರೆ. ಹಿಂದಿನ ಕಟ್ಟಡದ ಊಟದ ಮನೆಯಲ್ಲಿ ನಾನು ಫೋನ್ ಹಿಡಿದು ನಿಂತಿದ್ದೇನೆ.

“ಬಂತಾ?”

“ಬಂದಿಲ್ಲ ಭಾವ.”

“ಈಗ?”

“ಇಲ್ಲ.”

ಅಲ್ಲಿಗೆ ಬರುತ್ತಿರಲಿಲ್ಲ, ನಿಜ. ಆದರೆ ಆಫೀಸಿನ ಮೇಲಿನ ಕೋಣೆಗಳಿಗೆ ನಡುವೆ ಹೊಸ್ತಿಲೇ ಇರಲಿಲ್ಲವಲ್ಲ! ಅಲ್ಲಿದ್ದ ಗಂಡಿನ ಕಡೆಯವರು ಸ್ಪೀಕರಿನಲ್ಲಿ ಮತ್ತೆ ಮತ್ತೆ ಬಂದ ಈ ಕರೆಯ ಆದರಕ್ಕೆ ಕರಗಿ, ಒಟ್ಟಾಗಿ ಇಳಿದು ಬಂದು ಎಲೆಯ ಮುಂದೆ ಕುಳಿತೇಬಿಟ್ಟರು. ಭಟ್ಟರು ಸೌಟು ಹಿಡಿದು ಓಡಿಬಂದರು. “ಯಾವನ್ರೀ ಊಟಕ್ಕೆ ಕರೆದವನು? ಅನ್ನ ಇನ್ನೂ ಕುದೀತಾ ಇದೆ!” ಅಷ್ಟರಲ್ಲಿ ಭಾವನವರು ಕಾರಣ ಕಂಡುಹಿಡಿದ ಸಂತೋಷದಲ್ಲಿ ಬಂದು ಎಲ್ಲರೆದುರು ಘೋಷಿಸಿದರು.

“ಏನಿಲ್ಲ, ಆಯಸ್ಸು ಒಂದೇ ಇತ್ತು!”

“ಯಾರಿಗೆ?” ಎಂದು ಗಂಡಿನ ತಾತ ಎದ್ದು ನಿಂತರು.

ಆಮೇಲೆ ನಡೆದದ್ದನ್ನು ನಾನು ಬರೆಯುವುದಿಲ್ಲ. ಮದುವೆ ಮನೆಯಲ್ಲಿ ಆಯಸ್ಸಿನ ಮಾತೆತ್ತಿದ ಷಡ್ಡಕನನ್ನು ಹಿಂದಿನ ಬಾಗಿಲಿನಿಂದ ಹೊರಗೆ ಸಾಗಿಸುವುದೂ ‘ಆ ಕಡೆಯವನ’ ಕರ್ತವ್ಯಗಳಲ್ಲಿ ಒಂದು ಎಂದು ಅಂದು ತಿಳಿಯಿತು.

ಇಂಥವರ ಮನೆಯಲ್ಲಿ ಮದುವೆ ಬಂತು. ಒಬ್ಬಳೇ ಮಗಳು.

ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಗಂಡ ಹೆಂಡತಿ ಜೋಡಿಯಾಗಿ ಹೋಗಬೇಕು. ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, ಬಾಯಿಬಿಟ್ಟು ‘ಬರಬೇಕು’ ಅನ್ನಬೇಕು. ಅಂಚೆಯಲ್ಲಿ ಬಂದ ಪತ್ರಿಕೆಯನ್ನು ನಾವು ಓದುತ್ತೇವೆ, ಅದನ್ನು ಕರೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಲ್ಲೂ ಆ ಮನೆಯಲ್ಲಿ ಹುಟ್ಟಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳಿಗೆ ಮೊದಲ ಕರೆ. ಹಸೆಮಣೆಯ ಮೇಲೆ ಕೂತ ಹುಡುಗಿಗೆ ಆರತಿ ಎತ್ತುವವಳು ಸೋದರತ್ತೆ.

“ಇದು ಬೋ ಅಳೇ ಪದ್ಧತಿ ಕಣಯ್ಯ” ಎಂದರು ಭಾವ. “ಒಂದೇ ಮಾತ್ನ ಮನೆಮನೆಗೂ ಬೇರೆಬೇರೆ ಒತ್ಕಂಡೋಗದಾ?”

ಕೊನೆಗೆ ಅತ್ತಿಗೆಯ ಒತ್ತಾಯಕ್ಕೆ ಒಂದು ರಾಜಿಯಾಯಿತು. ಹಿರಿಯರ ಮನೆಗಳಿಗೆ ಕುಂಕುಮ. ಉಳಿದವರಿಗೆ ವಾಟ್ಸಾಪಿನ ಬ್ರಾಡ್‌ಕಾಸ್ಟು. ಅದರಲ್ಲೂ ಗೆಳೆಯರಿಗೊಂದು, ಗಿರಾಕಿಗಳಿಗೊಂದು, ಹೆಣ್ಣುಮಕ್ಕಳಿಗೊಂದು ಎಂದು ಬೇರೆ ಬೇರೆ. ಹೆಣ್ಣುಮಕ್ಕಳಿಗೆ ಕಳಿಸಿದ್ದರಲ್ಲಿ ಅವರದೇ ದನಿಯಿತ್ತು: “ನೀವೆಲ್ಲ ಮುಂಚ್ಲೇ ಬಂದು ನಿಂತು ನಡೆಸ್ಕೊಡ್ಬೇಕು. ಯಾವತ್ತು ಬತ್ತೀರಿ ಯೋಳಿ, ಕಾರ್ ಕಳಿಸ್ತೀನಿ.” ಚಿಕ್ಕಪ್ಪ ದೊಡ್ಡಪ್ಪನ ಹೆಣ್ಣುಮಕ್ಕಳೆಲ್ಲ ಕೂಡಲೇ ಉತ್ತರ ಕೊಟ್ಟರು. ದಂಡಿಗನಹಳ್ಳಿಯಿಂದ ಬರಲಿಲ್ಲ.

ಖುದ್ದಾಗಿ ಹೋಗುವ ಮನೆಗಳಲ್ಲಿ ಅಕ್ಕನ ಮನೆಯೂ ಇತ್ತು; ಇಲ್ಲವೆಂದಲ್ಲ. ಆದರೆ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. “ಅದು ನಮ್ಮನೆ ಕಣಯ್ಯ. ಓದ್ರೆ ಅವ್ಳು ಆವತ್ತೇ ಬಿಡಕಿಲ್ಲ, ಉಳ್ಕಬೇಕು. ಸಾವಕಾಸ್ವಾಗಿ ಓಗವ.” ಮದುವೆಯ ಮನೆಯವರಿಗೆ ಸಾವಕಾಶ ಎಲ್ಲಿಂದ ಬರಬೇಕು? ಕೊನೆಯ ವಾರ ಹಾಸನದ ಒಂದು ಕಾಲೇಜಿನ ಸ್ಪೀಕರುಗಳೆಲ್ಲ ಒಟ್ಟಿಗೆ ಮೂಕವಾದವು; ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಭಾವನವರು ಅಲ್ಲೇ ಸಿಕ್ಕಿಬಿದ್ದರು. ಫೋನು ಸದಾ ಎಂಗೇಜು.

“ಅಕ್ಕನಿಗೆ ಹೇಳಿ ಆಯ್ತೇನ್ರೀ?” ಎಂದು ಅತ್ತಿಗೆ ಕೇಳಿದ್ದು ನನ್ನ ಎದುರಿಗೇ.

“ಕಳ್ಸಿವ್ನಿ.”

“ಬಂತು ಅಂದ್ರಾ?”

ಅತ್ತಿಗೆ ತಮಾಷೆಗೇ ಕೇಳಿದ್ದು. ಗಂಡನ ಪ್ರಶ್ನೆಯನ್ನು ಗಂಡನಿಗೇ ತಿರುಗಿಸಿದ್ದು. ಭಾವನವರು ನಗಲಿಲ್ಲ. “ಅಕ್ಕನ್ನೂ ಟೆಸ್ಟ್ ಮಾಡದಾ? ಅವ್ಳಿಗೆ ಬರ್ದೇ ಎಲ್ಲೋಯ್ತದೆ!” ಎಂದರು.

ದೇವರನ್ನೂ ನಂಬದ ಮನುಷ್ಯ ಲೋಕದಲ್ಲಿ ನಂಬಿದ್ದು ಅದೊಂದು ಕಡೆಯನ್ನು ಮಾತ್ರ.

ಮದುವೆಯ ಹಿಂದಿನ ದಿನವೂ ಸುಳಿವಿಲ್ಲದಾಗ ಅತ್ತಿಗೆಯೇ ಗಾಬರಿಯಿಂದ ಫೋನು ಮಾಡಿದರು. ಅಕ್ಕ ಮೆತ್ತಗೆ, “ಮಂಡಿ ನೋವು ಕಣವ್ವ, ಬಸ್ ಅತ್ತಕಾಗಲ್ಲ. ಚೆಂದಾಗ್ ನಡೆಸ್ಕಳ್ಳಿ” ಎಂದು ಇಟ್ಟರಂತೆ. ಭಾವನವರ ಮುಖ ಕಪ್ಪಿಟ್ಟಿತು. ಇದಕ್ಕೆ ಹಿನ್ನೆಲೆಯಿತ್ತು. ಅಕ್ಕ ತಮ್ಮ ಕಡೆಯಿಂದ ಒಂದು ಗಂಡು ತಂದಿದ್ದರು, ಹುಡುಗಿ ಒಪ್ಪಿರಲಿಲ್ಲ. ಅಲ್ಲಿಂದೀಚೆಗೆ ಸಂಜೆಯ ಫೋನು ಕೊಂಚ ತೆಳ್ಳಗಾಗಿತ್ತು.

“ಮಂಡಿ ನೋವಲ್ಲ ಅದು. ಆ ಸಂಬಂಧ ಬುಟ್ಟಿದ್ದಕ್ಕೆ ಸಿಟ್ಟು” ಎಂದರು ಭಾವ. “ಕಾರ್ ಕಳಿಸ್ತೀನಿ ಅಂದ್ರೂ ಒಂದು ಉತ್ರ ಇಲ್ಲ. ಇರ್ಲಿ ಬುಡು.”

ಆರತಿಯನ್ನು ದೊಡ್ಡಪ್ಪನ ಮಗಳೊಬ್ಬಳು ಎತ್ತಿದಳು. ಎಲ್ಲವೂ ಸಾಂಗವಾಗಿಯೇ ಆಯಿತು. ಭಾವನವರು ಮಂಟಪದ ಮೇಲೆ ನಿಂತು ಛತ್ರದ ಬಾಗಿಲನ್ನೇ ನೋಡುತ್ತಿದ್ದರು ಎಂಬುದು ಮದುವೆಯ ಫೋಟೋಗಳಲ್ಲಿ ಈಗಲೂ ಕಾಣುತ್ತದೆ. ಒಂದರಲ್ಲೂ ಕ್ಯಾಮೆರಾ ಕಡೆ ಮುಖವಿಲ್ಲ.

ಆಮೇಲೆ ಸಂಜೆಯ ಫೋನು ಪೂರ್ತಿ ನಿಂತಿತು. ‘ಅವಳು ಮಾಡಲಿ’ ಎಂದು ಇವರು; ‘ಅವನು ಮಾಡಲಿ’ ಎಂದು ಅವರು. ಮೊಮ್ಮಗು ಹುಟ್ಟಿತು, ನಡೆಯಿತು, ಮಾತು ಕಲಿಯಿತು. ಭಾವನವರು ಮೊದಲಿನಂತೆಯೇ ಊರೂರು ಸುತ್ತಿದರು, ನನ್ನನ್ನು ಮೂಲೆಮೂಲೆಗಳಲ್ಲಿ ನಿಲ್ಲಿಸಿ ‘ಬಂತಾ’ ಎಂದರು. ಒಂದು ವ್ಯತ್ಯಾಸವನ್ನು ನಾನು ಮಾತ್ರ ಗಮನಿಸಿದೆ. ಕೇಳುವ ಕಡೆ ಕೂರುವವನು ನಾನೇ ಅಲ್ಲವೆ? ಕಪ್ಪು ಪರದೆಯ ಮೇಲೆ ಈಗ ‘ಊಟ ಆಯ್ತಾ’ ಬರುತ್ತಿರಲಿಲ್ಲ. ಎಲ್ಲರಂತೆ ‘ಟೆಸ್ಟ್’ ಎಂದು ಬರುತ್ತಿತ್ತು.

ಹೋದ ಮಾಗಿಯಲ್ಲಿ ದಂಡಿಗನಹಳ್ಳಿ ಹೋಬಳಿಯ ಒಂದು ಶಾಲೆಯಿಂದ ಕೆಲಸ ಬಂತು. ಬೇಡವೆಂದು ಭಾವನವರು ಮೂರು ನೆಪ ಹೇಳಿದರು. ಆ ಕಡೆಗೆ ಬೇರೆ ಯಾರೂ ಸಿಗದೆ ಮುಖ್ಯೋಪಾಧ್ಯಾಯಿನಿಯೇ ಫೋನು ಮಾಡಿ ಕೇಳಿಕೊಂಡಾಗ ಹೊರಟರು. ಬಸ್ಸು ಅಕ್ಕನ ಮನೆಯ ತಿರುವು ದಾಟುವಾಗ ಅವರಿಗೆ ಎಡಗಡೆಯ ಕಿಟಕಿಯಲ್ಲಿ ಏನೋ ಮಹತ್ವದ್ದು ಕಂಡಿತು. ಅಕ್ಕನ ಮನೆ ಬಲಗಡೆ.

ಶಾಲೆಯಲ್ಲಿ ಎಲ್ಲ ಕೋಣೆಗೂ ಸಂದೇಶ ಹೋಯಿತು, ಒಂದಕ್ಕೆ ಮಾತ್ರ ಇಲ್ಲ. ನಾನು ಅಲ್ಲಿಂದಲೇ “ಬಂದಿಲ್ಲ ಭಾವ” ಎಂದು ಕೂಗಿದೆ. ಕಳಿಸುವ ಕಡೆ ತಪ್ಪಿರಲಿಲ್ಲ. ಆ ಕೋಣೆಯ ಸ್ಪೀಕರಿನ ಡಬ್ಬಿ ಗುಂಪಿಗೆ ಸೇರಿಕೊಂಡೇ ಇರಲಿಲ್ಲ.

“ನಾವು ಕಳ್ಸಿದ್ರೆ ಸಾಲ್ದು ಮೇಡಂ, ಆ ಕಡೆಯೋರೂ ನಮ್ನ ಸೇರಿಸ್ಕಂಡಿರ್ಬೇಕು” ಎಂದು ಭಾವನವರು ಮುಖ್ಯೋಪಾಧ್ಯಾಯಿನಿಗೆ ಪಾಠ ಹೇಳಿದರು.

“ಗೊತ್ತು ಬಿಡಿ ಸಾರ್, ನಮ್ಮ ವಾಟ್ಸಾಪಿನ ಗೋಳೂ ಇದೇ” ಎಂದು ಆಕೆ ನಕ್ಕರು. “ಮಕ್ಕಳ ಮನೆಯವರಿಗೆ ಬ್ರಾಡ್‌ಕಾಸ್ಟ್ ಕಳಿಸ್ತೀವಿ. ನಮ್ಮ ನಂಬರ್ ಸೇವ್ ಮಾಡ್ಕೊಂಡಿಲ್ದೇ ಇದ್ದೋರಿಗೆ ಅದು ಹೋಗೋದೇ ಇಲ್ಲ. ಕಳಿಸಿದ್ದೀವಿ ಅಂತ ನಾವು ಅಂದ್ಕೊಂಡಿರ್ತೀವಿ, ಏನೂ ಹೇಳ್ಲಿಲ್ಲ ಅಂತ ಅವರು ಬೈಕೊಂಡಿರ್ತಾರೆ.”

ಭಾವನವರ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. “ಓಗೋದೇ ಇಲ್ವಾ?” ಎಂದರು.

“ಹೋಗೋದೇ ಇಲ್ಲ ಸಾರ್.”

ಆ ಕೋಣೆಯ ಡಬ್ಬಿಯನ್ನು ಸರಿಪಡಿಸಿದರು. ಮಕ್ಕಳ ಬಿಸಿಯೂಟದಲ್ಲಿ ನಮಗೂ ಬಡಿಸಿದರು. ಹೊಟ್ಟೆ ತುಂಬ ಉಂಡೆವು. ಆಮೇಲೆ ಭಾವನವರು ಬಸ್ಸಿನ ಕಡೆ ಹೋಗದೆ ಅಕ್ಕನ ಮನೆಯ ತಿರುವಿನ ಕಡೆಗೆ ನಡೆಯತೊಡಗಿದರು. ನಾನು ಚೀಲ ಹೊತ್ತು ಹಿಂದೆ ಹೋದೆ.

ಅಕ್ಕ ಜಗಲಿಯ ಮೇಲೆ ಕುಳಿತು ಹುರುಳಿ ಕೇರುತ್ತಿದ್ದರು. ನಮ್ಮನ್ನು ಕಂಡು ಮೊರ ನಿಂತಿತು. ಅವರ ದೊಡ್ಡ ಫೋನು ಪಕ್ಕದ ಕಿಟಕಿಯ ಮೇಲಿತ್ತು. ಭಾವನವರು ಅಂಗಳದಲ್ಲೇ ನಿಂತು ಜೇಬಿನಿಂದ ತಮ್ಮ ಫೋನು ತೆಗೆದು, ಹೆಣ್ಣುಮಕ್ಕಳಿಗೆಂದು ಮಾಡಿದ್ದ ಆ ಹಳೆಯ ಬ್ರಾಡ್‌ಕಾಸ್ಟನ್ನು ಹುಡುಕಿ, ಏನೋ ಬರೆದು ಒತ್ತಿದರು. ಕಿಟಕಿಯ ಮೇಲಿನ ಫೋನು ಸುಮ್ಮನೆ ಮಲಗಿತ್ತು.

“ಬಂತಾ?” ಎಂದರು. ಅಷ್ಟು ವರ್ಷದ ಮೇಲೆ ಅಕ್ಕನಿಗೆ ಆಡಿದ ಮೊದಲ ಮಾತು!

“ಏನ್ಲಾ ಬರ್ಬೇಕಿತ್ತು?”

ಭಾವನವರು ಕಿಟಕಿಯ ಮೇಲಿನ ಫೋನಿನತ್ತ ಕೈ ತೋರಿಸಿದರು. ನನ್ನ ಕಡೆ ನೋಡಿದರು. ಹುದ್ದೆಯ ಕರ್ತವ್ಯವೆಂದು ನಾನೇ ಜಗಲಿ ಹತ್ತಿ, ಅಕ್ಕನ ಅಪ್ಪಣೆ ಪಡೆದು ಫೋನು ತೆಗೆದು ನೋಡಿದೆ. ಮೊಮ್ಮಕ್ಕಳು ಸೇರಿಸಿಕೊಟ್ಟ ಹೆಸರುಗಳಿದ್ದವು. ಹಾಲಿನ ಡೈರಿಯವರು, ಕಾಯಿ ಕೀಳುವವರು, ಟೈಲರು, ಎಲ್ಲರೂ. ತಮ್ಮನ ಹೆಸರಿರಲಿಲ್ಲ.

“ನನ್ನ ನಂಬರ್ ಸೇವ್ ಮಾಡ್ಕಂಡಿಲ್ವೇನಕ್ಕ?”

“ಅದನ್ಯಾಕ್ಲಾ ಮಾಡ್ಕಳ್ಲಿ?” ಎಂದು ಅಕ್ಕ ಮುಖ ತಿರುಗಿಸಿಕೊಂಡೇ ಆ ನಂಬರನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಒಪ್ಪಿಸಿದರು. “ಮರ್ತೋಯ್ತವೆ ಅನ್ನೋ ನಂಬರ್ ತಾನೆ ಸೇವ್ ಮಾಡ್ಕಳದು?”

ಭಾವನವರು ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟರು. ನಾನೇ ತಡವರಿಸುತ್ತ ನಡೆದದ್ದನ್ನು ವಿವರಿಸಿದೆ. ಜಾಲದ ಶಾಸ್ತ್ರವನ್ನು ಅಷ್ಟು ಕೆಟ್ಟದಾಗಿ ಲೋಕದಲ್ಲಿ ಯಾರೂ ಹೇಳಿರಲಾರರು. ಆದರೂ ಅಕ್ಕನಿಗೆ ಅರ್ಥವಾಯಿತು.

“ಅಂಗಾರೆ ಕರ್ದಿದ್ದೆ ಅನ್ನು” ಎಂದರು. ಮೊರದ ಹುರುಳಿಯನ್ನು ಬೆರಳಲ್ಲಿ ಕೆದಕುತ್ತ, “ಊರ್ನೋರೆಲ್ಲ ಕೇಳೋರು ಕಣಪ್ಪ, ಯಾಕೋಗ್ಲಿಲ್ಲ ಅಂತ. ತಮ್ಮ ಕರೀಲಿಲ್ಲ ಅಂತ ಎಂಗ್ ಯೋಳ್ಲಿ? ಮಂಡಿ ನೋವು ಅಂದ್ಬುಟ್ಟೆ. ಆ ಮಗು ಅಸೆ ಮೇಲೆ ಕೂತಿದ್ದ ಒತ್ನಲ್ಲಿ ಇಲ್ಲೇ ಕೂತಿದ್ದೆ, ಈ ಕಂಬುಕ್ ಒರಗಿ” ಎಂದರು.

ಇದು ಇನ್ನೊಂದು ಸಲ ಕಳಿಸಿದರೆ ಆಗುವಂಥದ್ದೆ? ಆರತಿ ತಟ್ಟೆ ಬೇರೆಯವರ ಕೈಯಲ್ಲಿ ಸುತ್ತಿ ಎಂದೋ ಇಳಿದಿತ್ತು.

ಭಾವನವರು ಎದ್ದು, ಯಾರನ್ನೂ ಕೇಳದೆ ಒಳಗೆ ಹೋದರು. ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು, ಎರಡೂ ಕೈಯಲ್ಲಿ ಹಿಡಿದು, ಅಕ್ಕನ ಮುಂದೆ ಬಗ್ಗಿ ನಿಂತರು.

“ಅಕ್ಕ, ಮಗಳ ಮದ್ವೆ ಮಡಗಿವ್ನಿ. ಮುಂಚ್ಲೇ ಬಂದ್ಬುಡು. ಆರತಿ ನೀನೇ ಎತ್ಬೇಕು.”

ನಗಬಹುದಾದ ಮಾತು. ಮದುವೆಯಾದ ಮಗಳ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಅಕ್ಕ ನಗಲಿಲ್ಲ. ಬಟ್ಟಲನ್ನು ನೋಡಿದರು, ತಮ್ಮನನ್ನು ನೋಡಿದರು.

“ಎಂಡ್ತೀನ ಕರ್ಕಂಬರ್ದೆ ಒಬ್ನೇ ಬಂದು ಕುಂಕುಮ ಕೊಡ್ತೀಯಲ್ಲಾ. ಅದೂ ನಮ್ಮನೇದೇ ಕುಂಕುಮ! ಬುದ್ಧಿ ಯಾವಾಗ್ಲಾ ಬರದು ನಿಂಗೆ?” ಎಂದು ಬೆರಳ ತುದಿಯಲ್ಲಿ ತೆಗೆದು ಹಣೆಗಿಟ್ಟುಕೊಂಡರು. ಒಂದಿಷ್ಟು ಮೂಗಿನ ಮೇಲೂ ಉದುರಿತು.

“ಬಂತಾ ಅಕ್ಕ?”

“ಬಂತು ಕಣ್ಲಾ.”

ಸೆರಗಿನಿಂದ ಕಣ್ಣೊರೆಸಿಕೊಂಡು, ಕುಂಕುಮವನ್ನೆಲ್ಲ ಕೆನ್ನೆಗೆ ಹರಡಿಕೊಂಡು, ಮೊರ ಪಕ್ಕಕ್ಕಿಟ್ಟರು.

“ಊಟ ಆಯ್ತೇನ್ಲಾ?”

ಆಗಿತ್ತು. ಭಾವನವರ ಅಂಗಿಯ ಮೇಲೆ ಬಿಸಿಯೂಟದ ಸಾರಿನ ಕಲೆ ಇನ್ನೂ ಆರಿರಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ.

“ಇಲ್ಲ ಕಣಕ್ಕ” ಎಂದರು.